ಆನೆಗಳನ್ನು ನೋಡಲು ಒಳ್ಳೆಯ ಕಾಲ ಯಾವುದು?

ಪರೀಕ್ಷೆಗಳು ಮುಗಿದ ಮರುದಿನ ನಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬನು ನನ್ನಲ್ಲಿಗೆ ಬಂದನು. ಅವನ ಮನೆಯವರು ಶ್ರೀಲಂಕೆಗೆ ಪ್ರವಾಸ ಹೊರಡುವ ಯೋಚನೆಯಲ್ಲಿದ್ದರು. ಅಲ್ಲಿನ ಕಾಡುಗಳಲ್ಲಿ ಆನೆ, ಚಿರತೆಗಳನ್ನು ನೋಡಬೇಕೆಂಬುದು ಹುಡುಗನ ಆಸೆ. “ಯಾವ ತಿಂಗಳಲ್ಲಿ ಹೋದರೆ ಒಳ್ಳೆಯದು, ಸಾರ್?” ಎಂದು ಕೇಳಿದನು. “ಯಾವ ಕಾಡಿಗೆ? ಏನನ್ನು ನೋಡುವುದಕ್ಕೆ? ಒಳ್ಳೆಯದು ಎಂದರೆ ಯಾರಿಗೆ ಒಳ್ಳೆಯದು?” ಎಂದು ನಾನು ಮರುಪ್ರಶ್ನೆ ಹಾಕಿದೆನು. ಮೇಷ್ಟರು ಉತ್ತರ ತಿಳಿಯದೆ ಜಾರಿಕೊಳ್ಳುತ್ತಿದ್ದಾರೆಂದು ಅವನು ಭಾವಿಸಿದಂತೆ ತೋರಿತು.

ಆದರೆ ನಾನು ಜಾರಿಕೊಂಡದ್ದಲ್ಲ. ಒಂದು ವಸ್ತುವಿನ ವೇಗ ಎಷ್ಟೆಂದು ಕೇಳುವವನು, ಯಾವುದಕ್ಕೆ ಸಾಪೇಕ್ಷವಾಗಿ ಎಂಬುದನ್ನು ಹೇಳದಿದ್ದರೆ ಆ ಪ್ರಶ್ನೆ ಪೂರ್ಣವಾಗದೆಂದು ತರಗತಿಯಲ್ಲಿ ನಾವು ಹೇಳುತ್ತೇವೆ. “ಒಳ್ಳೆಯ ಕಾಲ” ಎಂಬುದೂ ಅಂಥದೇ. ಸ್ಥಳವನ್ನೂ ಉದ್ದೇಶವನ್ನೂ ಬಿಟ್ಟು ಬರಿಯ ತಿಂಗಳ ಹೆಸರನ್ನು ಹೇಳಿದರೆ ಅದು ಉತ್ತರವಲ್ಲ, ಊಹೆ. ಈ ಮಾತಿನ ನಿಜವನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಹಣ ತೆತ್ತು ಕಲಿತದ್ದು.

ಕೆಲವು ವರ್ಷಗಳ ಹಿಂದೆ, ಪ್ರವಾಸಿಗರಿಗಾಗಿ ಅಚ್ಚು ಹಾಕಿಸಿದ ಒಂದು ಪುಸ್ತಿಕೆಯನ್ನು ನಂಬಿ ನಾನು ಡಿಸೆಂಬರ್ ರಜೆಯಲ್ಲಿ ಶ್ರೀಲಂಕೆಗೆ ಹೋಗಿದ್ದೆನು. ಆ ದ್ವೀಪವನ್ನು ನೋಡಲು ಡಿಸೆಂಬರಿನಿಂದ ಮಾರ್ಚಿಯವರೆಗಿನ ಕಾಲವೇ ಅತ್ಯುತ್ತಮವೆಂದು ಅದರಲ್ಲಿ ಬರೆದಿತ್ತು. ಕೊಲಂಬೊದಲ್ಲಿ ಇಳಿದಾಗ ಆಕಾಶ ನಿರ್ಮಲವಾಗಿತ್ತು, ಕಡಲು ಶಾಂತವಾಗಿತ್ತು. ಅಲ್ಲಿಂದ ಉತ್ತರ-ಮಧ್ಯ ಪ್ರಾಂತ್ಯದ ಮಿನ್ನೇರಿಯ ರಾಷ್ಟ್ರೀಯ ಉದ್ಯಾನಕ್ಕೆ ಹೋದೆನು. ನೂರಾರು ಕಾಡಾನೆಗಳು ಒಂದು ಕೆರೆಯಂಗಳದಲ್ಲಿ ಕೂಡುವುದೆಂದು ಹೆಸರಾದ ಸ್ಥಳವದು. ನಾನು ಹೋದ ಎರಡು ದಿನವೂ ಮಳೆ ಬಿಡದೆ ಸುರಿಯಿತು. ಕೆರೆ ತುಂಬಿ ಕಾಡಿನ ಅಂಚಿನವರೆಗೆ ನೀರು ನಿಂತಿತ್ತು. ಆನೆಯೊಂದೂ ಕಾಣಲಿಲ್ಲ, ಲದ್ದಿ ಮಾತ್ರ ಕಂಡಿತು. ಪುಸ್ತಿಕೆ ಸುಳ್ಳು ಹೇಳಿರಲಿಲ್ಲ. ಅದು ದ್ವೀಪದ ನೈರುತ್ಯ ಕರಾವಳಿಯಲ್ಲಿ ಕಡಲಸ್ನಾನ ಮಾಡಬಯಸುವವನಿಗೆ ಬರೆದ ಮಾತನ್ನು ಇಡೀ ದ್ವೀಪಕ್ಕೆ ಅನ್ವಯಿಸಿತ್ತು. ನಾನು ವಿಚಾರ ಮಾಡದೆ ನಂಬಿದ್ದೆನು. ಭೌತವಿಜ್ಞಾನ ಕಲಿಸುವವನು ಒಂದು ಭೂಪಟವನ್ನು ಬಿಡಿಸಿ ಅರ್ಧ ಗಂಟೆ ಕುಳಿತಿದ್ದರೆ ಈ ಮೋಸ ಆಗುತ್ತಿರಲಿಲ್ಲ.

ಆ ಭೂಪಟವನ್ನು ಈಗ ಬಿಡಿಸೋಣ. ಶ್ರೀಲಂಕೆಯು ವಿಷುವದ್ರೇಖೆಯ ಉತ್ತರಕ್ಕೆ, ಸುಮಾರು ೬ರಿಂದ ೧೦ ಡಿಗ್ರಿ ಅಕ್ಷಾಂಶಗಳ ನಡುವೆ ಇದೆ. ವಿಸ್ತಾರ ಸುಮಾರು ೬೫,೬೦೦ ಚದರ ಕಿಲೋಮೀಟರ್. ಎಂದರೆ ನಮ್ಮ ಕರ್ನಾಟಕದ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಇಂಥ ಸ್ಥಳದಲ್ಲಿ ಚಳಿಗಾಲ, ಬೇಸಗೆ ಎಂಬ ಭೇದ ಹೆಚ್ಚಿಲ್ಲ. ಬಯಲಿನಲ್ಲಿ ವರ್ಷವೆಲ್ಲ ಸೆಕೆಯೇ. ಅಲ್ಲಿ ಋತುವನ್ನು ನಿರ್ಣಯಿಸುವುದು ಶಾಖವಲ್ಲ, ಮಳೆ. ಮಳೆಯನ್ನು ನಿರ್ಣಯಿಸುವುದು ಗಾಳಿಯ ದಿಕ್ಕು ಮತ್ತು ದ್ವೀಪದ ನಡುವೆ ಎದ್ದಿರುವ ಬೆಟ್ಟಗಳು. ಆ ಬೆಟ್ಟಗಳಲ್ಲಿ ಅತಿ ಎತ್ತರವಾದ ಪಿದುರುತಲಾಗಲ ಶಿಖರವು ೨,೫೨೪ ಮೀಟರ್ ಇದೆ.

ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಏಷ್ಯದ ಭೂಭಾಗವು ಕಾದು, ದಕ್ಷಿಣ ಗೋಳಾರ್ಧದಿಂದ ಬರುವ ಆಗ್ನೇಯ ಮಾರುತಗಳು ವಿಷುವದ್ರೇಖೆಯನ್ನು ದಾಟುತ್ತವೆ. ಭೂಮಿ ತಿರುಗುತ್ತಿರುವ ಕಾರಣ ಅವು ಬಲಕ್ಕೆ ಬಾಗಿ ನೈರುತ್ಯ ಮಾರುತಗಳಾಗುತ್ತವೆ. ಇದೇ ಗಾಳಿ ನಮ್ಮ ಸಹ್ಯಾದ್ರಿಗೆ ಬಡಿದು ಆಗುಂಬೆಯಲ್ಲಿ ಮಳೆ ಕರೆಯುತ್ತದೆ. ಇದೇ ಗಾಳಿ ಚಿತ್ರದುರ್ಗದ ಮೇಲೆ ಬರಿಗೈಯಲ್ಲಿ ಹಾಯುತ್ತದೆ. ಶ್ರೀಲಂಕೆಯಲ್ಲಿಯೂ ಹೀಗೆಯೇ. ನೈರುತ್ಯದ ಇಳಿಜಾರಿಗೆ ಧಾರಾಳ ಮಳೆ. ಬೆಟ್ಟದಾಚೆಯ ಪೂರ್ವ, ಉತ್ತರ, ಆಗ್ನೇಯ ಬಯಲುಗಳಿಗೆ ಒಣಗಾಳಿ.

ಆ ಗಾಳಿ ಒಣಗುವುದಷ್ಟೇ ಅಲ್ಲ, ಬಿಸಿಯೂ ಆಗುತ್ತದೆ. ಏಕೆಂದು ಲೆಕ್ಕ ಹಾಕಿ ನೋಡಬಹುದು. ಮೇಲೇರುವ ಗಾಳಿ ಹಿಗ್ಗಿ ತಣ್ಣಗಾಗುವುದು ಕಿಲೋಮೀಟರಿಗೆ ಸುಮಾರು ೧೦ ಡಿಗ್ರಿಯಂತೆ. ಆದರೆ ಮೋಡ ಕಟ್ಟತೊಡಗಿದ ಮೇಲೆ, ಆವಿ ನೀರಾಗುವಾಗ ಬಿಡುವ ಗುಪ್ತೋಷ್ಣವು ಗಾಳಿಗೆ ಸೇರುವುದರಿಂದ, ಅದು ತಣ್ಣಗಾಗುವುದು ಕಿಲೋಮೀಟರಿಗೆ ಸುಮಾರು ೫ ಡಿಗ್ರಿ ಮಾತ್ರ. ಕಡಲ ಮಟ್ಟದಲ್ಲಿ ೨೮ ಡಿಗ್ರಿ ಇದ್ದ ಗಾಳಿ, ೬೦೦ ಮೀಟರ್ ಏರಿದಾಗ ಮೋಡ ಕಟ್ಟಿತೆನ್ನಿ. ಆಗ ಅದರ ಉಷ್ಣತೆ ೨೨ ಡಿಗ್ರಿ. ಅಲ್ಲಿಂದ ೨,೦೦೦ ಮೀಟರಿನವರೆಗೆ ಮಳೆ ಸುರಿಸುತ್ತ ಏರಿದರೆ ೧೫ ಡಿಗ್ರಿ. ಈಗ ಆ ಗಾಳಿ ತನ್ನ ನೀರನ್ನು ಕಳೆದುಕೊಂಡು ಆಚೆ ಬದಿಗೆ ಇಳಿಯುತ್ತದೆ. ಇಳಿಯುವಾಗ ಪೂರ್ತಿ ದಾರಿ ಕಿಲೋಮೀಟರಿಗೆ ೧೦ ಡಿಗ್ರಿಯಂತೆಯೇ ಕಾಯುತ್ತದೆ. ಬಯಲು ತಲುಪುವಾಗ ಅದು ೩೫ ಡಿಗ್ರಿ! ಹೊರಟಾಗ ಇದ್ದುದಕ್ಕಿಂತ ೭ ಡಿಗ್ರಿ ಹೆಚ್ಚು. ಈ ಬಿಸಿ ಒಣಗಾಳಿಗೆ ಶ್ರೀಲಂಕೆಯ ಜನರು “ಕಚ್ಚಾನ್” ಎಂದು ಹೆಸರಿಟ್ಟಿದ್ದಾರೆ.

ವರ್ಷದ ಕೊನೆಯಲ್ಲಿ ಈ ವ್ಯವಸ್ಥೆ ತಿರುಗುಮುರುಗಾಗುತ್ತದೆ. ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಗುಡುಗು ಮಳೆಗಳೂ ಬಂಗಾಳಕೊಲ್ಲಿಯ ವಾಯುಭಾರ ಕುಸಿತಗಳೂ ದ್ವೀಪವನ್ನೆಲ್ಲ ತೋಯಿಸುತ್ತವೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಈಶಾನ್ಯ ಮಾರುತವು ಕೊಲ್ಲಿಯ ಮೇಲಿಂದ ನೀರಾವಿಯನ್ನು ಹೊತ್ತು ತಂದು ಪೂರ್ವೋತ್ತರ ಬಯಲಿಗೆ ಮಳೆ ಕೊಡುತ್ತದೆ. ಆಗ ಕೊಲಂಬೊದ ಕಡೆ ಬಿಸಿಲು. ಹೀಗೆ ಒಂದೇ ದ್ವೀಪದಲ್ಲಿ, ಒಂದೇ ತಿಂಗಳಿನಲ್ಲಿ, ಕೆಲವು ಗಂಟೆಗಳ ಪ್ರಯಾಣದ ಅಂತರದಲ್ಲಿ ಎರಡು ಬೇರೆ ಬೇರೆ ಋತುಗಳು ಇರುತ್ತವೆ. ವರ್ಷಕ್ಕೆ ೨,೫೦೦ ಮಿಲಿಮೀಟರಿಗೆ ಮಿಕ್ಕಿ ಮಳೆ ಬೀಳುವ ಭಾಗವನ್ನು ತೇವವಲಯವೆಂದೂ, ೧,೭೫೦ ಮಿಲಿಮೀಟರಿಗಿಂತ ಕಡಿಮೆ ಬೀಳುವ ಭಾಗವನ್ನು ಶುಷ್ಕವಲಯವೆಂದೂ ಅಲ್ಲಿ ಕರೆಯುತ್ತಾರೆ. ಮಿನ್ನೇರಿಯ, ಯಾಲ, ವಿಲ್ಪತ್ತು ಮೊದಲಾಗಿ ದೊಡ್ಡ ಪ್ರಾಣಿಗಳಿಗೆ ಪ್ರಸಿದ್ಧವಾದ ಕಾಡುಗಳು ಶುಷ್ಕವಲಯದಲ್ಲಿವೆ.

ಇನ್ನು ಆನೆಗಳ ಕೂಟದ ವಿಚಾರ. ಮಿನ್ನೇರಿಯ ಕೆರೆಯು ಪ್ರಕೃತಿ ಮಾಡಿದ್ದಲ್ಲ. ಕ್ರಿ.ಶ. ೩ನೆಯ ಶತಮಾನದ ಉತ್ತರಾರ್ಧದಲ್ಲಿ ಮಹಾಸೇನನೆಂಬ ಅರಸು ಬತ್ತದ ಬೇಸಾಯಕ್ಕಾಗಿ ಅದನ್ನು ಕಟ್ಟಿಸಿದನು. ಸುತ್ತಲಿನ ಕಾಡು ೧೯೯೭ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಮಳೆಗಾಲದಲ್ಲಿ ತುಂಬುವ ಕೆರೆಯ ನೀರನ್ನು ಮೇ ತಿಂಗಳಿನಿಂದ ಆಗಸ್ಟಿನವರೆಗಿನ “ಯಲ” ಬೆಳೆಗೆ ಬಿಡುತ್ತಾರೆ. ಉಳಿದುದನ್ನು ಬಿಸಿಲು ಹೀರುತ್ತದೆ. ಬಿಸಿಲಿನ ಪಾಲು ಎಷ್ಟೆಂಬುದನ್ನೂ ಅಂದಾಜು ಮಾಡಬಹುದು. ಚದರ ಮೀಟರಿಗೆ ದಿನಕ್ಕೆ ೨೦ ಮೆಗಾಜೂಲ್ ಬಿಸಿಲು ಬೀಳುವುದೆಂದೂ ಅದರಲ್ಲಿ ನೂರಕ್ಕೆ ೬೦ ಪಾಲು ನೀರನ್ನು ಆವಿ ಮಾಡಲು ವೆಚ್ಚವಾಗುವುದೆಂದೂ ಇಟ್ಟುಕೊಳ್ಳಿರಿ. ಒಂದು ಕಿಲೋಗ್ರಾಂ ನೀರು ಆವಿಯಾಗಲು ಸುಮಾರು ೨.೪ ಮೆಗಾಜೂಲ್ ಬೇಕು. ಅಂದ ಮೇಲೆ ದಿನಕ್ಕೆ ೫ ಕಿಲೋಗ್ರಾಂ, ಎಂದರೆ ೫ ಮಿಲಿಮೀಟರ್ ಆಳದ ನೀರು ಹೋಗುತ್ತದೆ. ನಾಲ್ಕು ತಿಂಗಳಿಗೆ ೬೦ ಸೆಂಟಿಮೀಟರ್. ಇದು ಅಲ್ಪವೆಂದು ತೋರಬಹುದು. ಆದರೆ ಕೆರೆಯ ತಳ ೨೦೦ ಮೀಟರಿಗೆ ಒಂದು ಮೀಟರಿನಂತೆ ಇಳಿಜಾರಾಗಿದ್ದರೆ, ನೀರು ೬೦ ಸೆಂಟಿಮೀಟರ್ ಇಳಿದಾಗ ದಡವು ೧೨೦ ಮೀಟರ್ ಹಿಂದೆ ಸರಿಯುತ್ತದೆ. ಕಾಲುವೆಗೆ ಬಿಟ್ಟ ನೀರನ್ನೂ ಕೂಡಿಸಿದರೆ ಬಯಲಾಗುವ ನೆಲ ಇನ್ನೂ ಎಷ್ಟೋ ಪಾಲು ಹೆಚ್ಚು.

ಈ ತೇವದ ಮಣ್ಣಿನಲ್ಲಿ ಎಳೆಯ ಹುಲ್ಲು ಚಿಗುರುತ್ತದೆ. ಅದೇ ವೇಳೆಗೆ ಸುತ್ತಲಿನ ಕಾಡಿನ ಹೊಂಡಗಳು ಬತ್ತಿ, ಮೇವು ಒರಟಾಗಿರುತ್ತದೆ. ದೊಡ್ಡ ಆನೆಗೆ ದಿನಕ್ಕೆ ನೂರು ಲೀಟರಿಗೂ ಮಿಕ್ಕಿ ನೀರು ಬೇಕು. ಒಂದೆಡೆ ನೀರು, ಅಲ್ಲೇ ಹುಲ್ಲು. ಬೇರೆ ಕಡೆ ಎರಡೂ ಇಲ್ಲ. ಆನೆಗಳು ಬಾರದೆ ಇನ್ನೇನು ಮಾಡಿಯಾವು? ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ಇನ್ನೂರು ಮುನ್ನೂರು ಆನೆಗಳು ಅಲ್ಲಿ ಕೂಡುವುದುಂಟು.

ನಮ್ಮ ಕಬಿನಿಯನ್ನು ಕಂಡವರಿಗೆ ಇದು ಹೊಸದಲ್ಲ. ೧೯೭೪ರಲ್ಲಿ ಮುಗಿದ ಆ ಜಲಾಶಯದ ಹಿನ್ನೀರು ಇಳಿದಾಗ ನಾಗರಹೊಳೆ, ಬಂಡೀಪುರಗಳ ಆನೆಗಳು ಇದೇ ರೀತಿ ಹುಲ್ಲಿಗೂ ನೀರಿಗೂ ಬಂದು ಸೇರುತ್ತವೆ. ಆದರೆ ಕಬಿನಿಯಲ್ಲಿ ಅದು ಮಾರ್ಚಿಯಿಂದ ಮೇ ತಿಂಗಳಿನವರೆಗೆ. ನೈರುತ್ಯ ಮಾರುತವು ಕಬಿನಿಯನ್ನು ತುಂಬಿ ಅಲ್ಲಿನ ಆನೆಗಳನ್ನು ಚದುರಿಸುವ ವೇಳೆಗೆ, ಅದೇ ಮಾರುತದ ಒಣ ಬೆನ್ನು ಮಿನ್ನೇರಿಯದ ಆನೆಗಳನ್ನು ಕೂಡಿಸತೊಡಗುತ್ತದೆ. ಎರಡೂ ಕಡೆ ಕಾರಣ ಒಂದೇ, ತಿಂಗಳು ಬೇರೆ. ಕಾರಣವನ್ನು ಕಲಿತವನಿಗೆ ಎರಡೂ ತಿಳಿಯುತ್ತವೆ. ತಿಂಗಳನ್ನು ಬಾಯಿಪಾಠ ಮಾಡಿದವನಿಗೆ ಒಂದೂ ತಿಳಿಯುವುದಿಲ್ಲ.

ಪ್ರಾಣಿ ಬದಲಾದರೆ ಕಾಲವೂ ಬದಲಾಗುತ್ತದೆ. ಆಗ್ನೇಯ ಕರಾವಳಿಯ ಯಾಲ ಉದ್ಯಾನವು ೧೯೩೮ರಲ್ಲಿ ಸ್ಥಾಪಿತವಾಯಿತು, ಚಿರತೆಗೆ ಹೆಸರಾದದ್ದು. ಹುಲಿ ಸಿಂಹಗಳಿಲ್ಲದ ಆ ದ್ವೀಪದಲ್ಲಿ ಚಿರತೆಯೇ ಮೃಗರಾಜ. ಪೊದೆಗಳ ಎಲೆ ಉದುರಿ, ನೀರು ಕೆಲವೇ ಹೊಂಡಗಳಲ್ಲಿ ಉಳಿದಾಗ ಅದು ಕಣ್ಣಿಗೆ ಬೀಳುವುದು ಸುಲಭ. ಕರಡಿಯನ್ನು ನೋಡಬೇಕಾದರೆ ಸಪೋಟದ ಬಳಗಕ್ಕೆ ಸೇರಿದ ಪಾಲು ಮರಗಳು ಹಣ್ಣು ಬಿಡುವ ಮೇ, ಜೂನ್, ಜುಲೈ ತಿಂಗಳುಗಳು ಮೇಲು; ಆಗ ಕರಡಿ ಹಗಲಿನಲ್ಲಿಯೇ ಮರವೇರಿ ಕುಳಿತಿರುವುದುಂಟು. ವಲಸೆಯ ಹಕ್ಕಿಗಳನ್ನು ಬಯಸುವವನು ಇದಕ್ಕೆ ವಿರುದ್ಧವಾಗಿ ಅಕ್ಟೋಬರಿನಿಂದ ಮಾರ್ಚಿಯೊಳಗೆ ಬುಂದಲದಂಥ ಜೌಗು ಪ್ರದೇಶಕ್ಕೆ ಹೋಗಬೇಕು. ಉಡವಲವೆಯ ಜಲಾಶಯದ ಸುತ್ತ ಆನೆಗಳು ವರ್ಷವಿಡೀ ಕಾಣಸಿಗುತ್ತವೆ.

ಇಷ್ಟು ಲೆಕ್ಕ ಹಾಕಿದ ಮೇಲೆಯೂ ಪಂಚಾಂಗವನ್ನು ಪೂರ್ತಿ ನಂಬುವಂತಿಲ್ಲ. ಶಾಂತಸಾಗರದ ಮೇಲ್ಮೈ ನೀರು ವಾಡಿಕೆಗಿಂತ ಬೆಚ್ಚಗಾಗುವ ಎಲ್ ನಿನೊ ವರ್ಷಗಳಲ್ಲಿ ಶ್ರೀಲಂಕೆಯ ಅಕ್ಟೋಬರ್-ಡಿಸೆಂಬರ್ ಮಳೆ ಸಾಮಾನ್ಯವಾಗಿ ಹೆಚ್ಚುತ್ತದೆ. ಬೇರೆ ವರ್ಷಗಳಲ್ಲಿ ಮಳೆ ಕೈಕೊಡುವುದೂ ಉಂಟು. ೨೦೧೬ರ ಕೊನೆಯಲ್ಲಿ ಹಾಗಾಗಿ, ೨೦೧೭ರಲ್ಲಿ ಆ ದೇಶ ಹಲವು ದಶಕಗಳಲ್ಲಿ ಕಾಣದ ಬರವನ್ನು ಕಂಡಿತು. ಆದುದರಿಂದ ಹೊರಡುವವನು ತಿಂಗಳಿನ ಹೆಸರಿಗಿಂತ ಆ ವರ್ಷದ ಮಳೆಯನ್ನೂ ಕೆರೆಯ ನೀರಿನ ಮಟ್ಟವನ್ನೂ ವಿಚಾರಿಸುವುದು ಲೇಸು.

ಇಲ್ಲಿಯವರೆಗೆ ಹೇಳಿದುದು ವಿಜ್ಞಾನ. ಅದರಲ್ಲಿ ವಾದಕ್ಕೆ ಎಡೆ ಕಡಿಮೆ. ನನ್ನ ಅಭಿಪ್ರಾಯವನ್ನು ಹೇಳಬೇಕಾದದ್ದು ಇನ್ನು ಮುಂದೆ.

ಡಿಸೆಂಬರಿನಲ್ಲಿ ಪೆಟ್ಟು ತಿಂದ ನಾನು ಮತ್ತೊಂದು ವರ್ಷ ಆಗಸ್ಟಿನಲ್ಲಿ ರಜೆ ಹಾಕಿ ಮಿನ್ನೇರಿಯಕ್ಕೆ ಹೋದೆನು. ಈ ಬಾರಿ ಲೆಕ್ಕ ತಪ್ಪಲಿಲ್ಲ. ಸಂಜೆ ನಾಲ್ಕರ ಹೊತ್ತಿಗೆ ಕಾಡಿನ ಅಂಚಿನಿಂದ ಹಿಂಡು ಹಿಂಡಾಗಿ ಆನೆಗಳು ಇಳಿದು ಬಂದವು. ಎಂಬತ್ತರವರೆಗೆ ಎಣಿಸಿ ಬಿಟ್ಟುಬಿಟ್ಟೆನು. ಆದರೆ ಜೀಪುಗಳನ್ನು ಎಣಿಸುವುದೂ ಅಷ್ಟೇ ಕಷ್ಟವಾಗಿತ್ತು. ಒಂದು ಹೆಣ್ಣಾನೆ ತನ್ನ ಚಿಕ್ಕ ಮರಿಯೊಡನೆ ನೀರಿನ ಕಡೆಗೆ ಹೊರಟಿತ್ತು. ಜೀಪುಗಳ ಸಾಲೊಂದು ಅದಕ್ಕೂ ನೀರಿಗೂ ನಡುವೆ ಬಂದು ನಿಂತಿತು. ಆನೆ ನಿಂತಿತು, ಕಿವಿಗಳನ್ನು ಹರಡಿತು, ಮರಿಯನ್ನು ಕಾಲುಗಳ ನಡುವೆ ಸೇರಿಸಿಕೊಂಡು ಹಿಂದಿರುಗಿತು. ಇನ್ನೊಂದು ದಾರಿಯಿಂದ ಬರಲು ನೋಡಿತು. ಅಲ್ಲಿಗೂ ಜೀಪುಗಳು ಹೋದವು. ನಾನು ಕುಳಿತಿದ್ದ ಜೀಪು ಅವುಗಳಲ್ಲಿ ಒಂದು. ಚಾಲಕನನ್ನು ಹಿಂದಕ್ಕೆ ತೆಗೆಯೆಂದು ಹೇಳಲು ನನಗೆ ಬಾಯಿ ಬಂದದ್ದು ಬಹಳ ತಡವಾಗಿ. ನಾನೂ ಹತ್ತಿರದಿಂದ ನೋಡುವ ಆಸೆಯಲ್ಲಿದ್ದೆನಲ್ಲವೆ?

ಅಂದು ರಾತ್ರಿ ನನಗೆ ತೋಚಿದ್ದು ಇದು. ಯಾವುದನ್ನು ನಾವು “ನೋಡಲು ಒಳ್ಳೆಯ ಕಾಲ”ವೆಂದು ಕರೆಯುತ್ತೇವೆಯೋ ಅದು ಆ ಪ್ರಾಣಿಗೆ ವರ್ಷದ ಕಠಿಣ ಕಾಲ. ನೀರು ಎಲ್ಲೆಡೆ ಇದ್ದಾಗ ಪ್ರಾಣಿ ಎಲ್ಲೆಡೆ ಇರುತ್ತದೆ, ನಮಗೆ ಕಾಣುವುದಿಲ್ಲ. ನೀರು ಒಂದೇ ಕಡೆ ಉಳಿದಾಗ ಪ್ರಾಣಿ ಅಲ್ಲಿಗೆ ಬರಲೇಬೇಕಾಗುತ್ತದೆ, ನಮಗೆ ಕಾಣುತ್ತದೆ. ನಮ್ಮ ಅನುಕೂಲವೂ ಅದರ ಬಾಯಾರಿಕೆಯೂ ಒಂದೇ ಕಾರಣದಿಂದ ಹುಟ್ಟಿದವು. ಮದುವೆ ಮನೆಯ ಪಂಕ್ತಿಗೆ ಕರೆಯದೆ ಹೋದ ನೆಂಟನು ಎಲೆಯ ಮುಂದೆಯೇ ಅಡ್ಡ ನಿಂತಂತೆ ನಾವು ವರ್ತಿಸಬಾರದು.

ಇದಕ್ಕೆ ಎದುರು ಮಾತು ಇಲ್ಲದೆ ಇಲ್ಲ. ಪ್ರವಾಸಿಗರು ಕೊಡುವ ಹಣದಿಂದ ಉದ್ಯಾನಗಳಿಗೂ ಸುತ್ತಲಿನ ಹಳ್ಳಿಗಳಿಗೂ ಆದಾಯವಿದೆ; ಜೀಪಿನ ಚಾಲಕನ ಸಂಸಾರ ನಡೆಯುವುದು ಆ ಮೂರು ತಿಂಗಳ ಗಳಿಕೆಯಿಂದ. ಆನೆಯನ್ನು ಕಣ್ಣಾರೆ ಕಂಡವನೇ ಅದನ್ನು ಉಳಿಸಲು ಮುಂದೆ ಬರುವನೆಂಬುದೂ ನಿಜ. ೨೦೧೯ರಲ್ಲಿ ಶ್ರೀಲಂಕೆಯಲ್ಲಿ ನಾನೂರಕ್ಕೂ ಹೆಚ್ಚು ಆನೆಗಳು ಸತ್ತವು; ಆನೆಗಳಿಂದ ನೂರಕ್ಕೂ ಹೆಚ್ಚು ಜನರು ಸತ್ತರು. ೨೦೧೧ರ ಗಣತಿಯಲ್ಲಿ ಸುಮಾರು ೫,೯೦೦ ಆನೆಗಳಿದ್ದ ನಾಡಿಗೆ ಇದು ಸಣ್ಣ ಸಂಖ್ಯೆಯಲ್ಲ. ಆನೆಯು ಹಳ್ಳಿಯವನಿಗೆ ಕೇವಲ ನಷ್ಟವಾಗಿರದೆ ಸ್ವಲ್ಪ ಲಾಭವೂ ಆಗಿರಬೇಕೆಂಬ ವಾದವನ್ನು ನಾನು ಒಪ್ಪುತ್ತೇನೆ. ಆದುದರಿಂದ ಯಾರೂ ಹೋಗಬೇಡಿರೆಂದು ನಾನು ಹೇಳುತ್ತಿಲ್ಲ. ಎಲ್ಲರೂ ಒಂದೇ ತಿಂಗಳಿನಲ್ಲಿ, ಒಂದೇ ಸಂಜೆ, ಒಂದೇ ದಡದಲ್ಲಿ ಸೇರಬೇಡಿರೆಂದು ಹೇಳುತ್ತಿದ್ದೇನೆ. ಗಳಿಕೆಯು ವರ್ಷದ ಉದ್ದಕ್ಕೂ ಹರಡಿದರೆ ಚಾಲಕನಿಗೂ ಹಿತ, ಆನೆಗೂ ಹಿತ. ಯಾಲದ ಮುಖ್ಯ ಭಾಗವನ್ನು ಅನೇಕ ವರ್ಷಗಳಲ್ಲಿ, ಬರ ತೀವ್ರವಾಗುವ ಸೆಪ್ಟೆಂಬರಿನಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿದ್ದುಂಟು. ಪ್ರವಾಸಿಗರು ಇದಕ್ಕೆ ಗೊಣಗುತ್ತಾರೆ. ನನ್ನ ಮಟ್ಟಿಗೆ, ನೋಡಲು ಅತಿ ಸುಲಭವಾದ ವಾರಗಳಲ್ಲಿಯೇ ಬಾಗಿಲು ಹಾಕುವುದು ವಿವೇಕದ ಕೆಲಸ.

ಮತ್ತೊಂದು ಮಾತು. ಆನೆಗಳ ಕೂಟ ಸೂರ್ಯನೂ ಗಾಳಿಯೂ ಮಾತ್ರ ಏರ್ಪಡಿಸುವುದಲ್ಲ. ಕೆರೆಯ ತೂಬಿನ ಕೀಲಿಯೂ ಏರ್ಪಡಿಸುತ್ತದೆ. ೨೦೧೮ರ ಹೊತ್ತಿಗೆ ಅಂಬನ್ ಗಂಗಾ ನದಿಗೆ ಮೊರಗಹಕಂದ ಅಣೆಕಟ್ಟು ಪೂರ್ಣಗೊಂಡ ಮೇಲೆ ಮಿನ್ನೇರಿಯಕ್ಕೆ ಬೇಸಗೆಯಲ್ಲಿಯೂ ನೀರು ಬರುವಂತಾಯಿತು. ಒಣ ಕಾಲದಲ್ಲಿ ಕೆರೆ ತುಂಬಿಯೇ ಇದ್ದರೆ ಹುಲ್ಲುಗಾವಲು ಮುಳುಗಿ, ಆನೆಗಳಿಗೆ ಮೇವಿಲ್ಲದಂತಾಗುವುದೆಂದು ವನ್ಯಜೀವಿ ತಜ್ಞರು ಆಕ್ಷೇಪಿಸಿದ್ದಾರೆ. ಕುಡಿಯಲು ನೀರಿದ್ದರೆ ಸಾಕೆಂದು ತೋರಬಹುದು. ಆದರೆ ಆನೆ ಅಲ್ಲಿಗೆ ಬರುವುದು ನೀರಿನಷ್ಟೇ ಹುಲ್ಲಿಗೆ. ಹುಲ್ಲು ಸಿಗದ ಆನೆ ಗದ್ದೆಗೆ ಹೋಗುತ್ತದೆ. ಗದ್ದೆಗೆ ಹೋದ ಆನೆಯ ಕಥೆ ಮೇಲೆ ಹೇಳಿದ ಅಂಕಿಗಳಲ್ಲಿ ಕೊನೆಗಾಣುತ್ತದೆ. ಕೆರೆ ರೈತನದು, ಅವನಿಗಾಗಿಯೇ ಕಟ್ಟಿದ್ದು. ಅವನ ಬೆಳೆಗೆ ನೀರು ಬೇಡವೆಂದು ಯಾರೂ ಹೇಳಲಾರರು. ಆದರೆ ಯಾವ ವಾರದಲ್ಲಿ ಎಷ್ಟು ನೀರನ್ನು ನಿಲ್ಲಿಸಬೇಕೆಂದು ತೀರ್ಮಾನಿಸುವ ಎಂಜಿನಿಯರನು ಬತ್ತದ ಲೆಕ್ಕದ ಪಕ್ಕದಲ್ಲಿ ಹುಲ್ಲಿನ ಲೆಕ್ಕವನ್ನೂ ಬರೆದುಕೊಂಡರೆ ಇಬ್ಬರಿಗೂ ಉಪಕಾರ. ಇದನ್ನು ಓದುವ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ನಮ್ಮ ನಾಡಿನ ಜಲಾಶಯಗಳ ತೂಬಿನ ಮುಂದೆ ನಿಲ್ಲುವವರು. ಅವರು ಈ ಮಾತನ್ನು ನೆನಪಿನಲ್ಲಿಡಬೇಕು.

ನನ್ನ ವಿದ್ಯಾರ್ಥಿಗೆ ಕೊನೆಗೆ ಏನು ಹೇಳಿದೆನೆಂಬುದನ್ನು ಹೇಳಿ ಮುಗಿಸುತ್ತೇನೆ. ಮಿನ್ನೇರಿಯಕ್ಕೆ ಹೋಗುವುದಾದರೆ ಆಗಸ್ಟಿನ ಜಾತ್ರೆಗೆ ಮೊದಲೇ, ಜೂನ್ ಕೊನೆ ಅಥವಾ ಜುಲೈ ತಿಂಗಳಿನಲ್ಲಿ ಹೋಗು. ಆನೆಗಳು ಐವತ್ತು ಕಂಡರೆ ಸಾಲದೆ? ರಜಾದಿನಗಳನ್ನು ಬಿಟ್ಟು ವಾರದ ನಡುವೆ ಹೋಗು. ಯಾಲಕ್ಕೆ ಹೋಗುವುದಾದರೆ ಫೆಬ್ರವರಿ, ಮಾರ್ಚಿಗಳಲ್ಲಿ ಹೋಗು. ಆಗ ಕಾಡು ಹಸಿರಾಗಿದ್ದು ಹೊಂಡಗಳಲ್ಲಿ ನೀರಿರುತ್ತದೆ. ಚಿರತೆ ಕಾಣದೆ ಹೋಗಬಹುದು; ಕಾಣದ ಚಿರತೆ ಆ ಹಸಿರಿನಲ್ಲಿ ಎಲ್ಲೋ ಸುಖವಾಗಿದೆ ಎಂದು ತಿಳಿ. ಜೀಪು ಹತ್ತುವ ಮೊದಲೇ ಚಾಲಕನಿಗೆ, “ದೂರದಲ್ಲಿ ನಿಲ್ಲಿಸಿದರೆ ಸಾಕು, ಹತ್ತಿರ ಒಯ್ಯಬೇಡಿ” ಎಂದು ಹೇಳು. ನಾನು ತಡವಾಗಿ ಹೇಳಿದ್ದನ್ನು ನೀನು ಮೊದಲೇ ಹೇಳಬಹುದು.

ಹುಡುಗನು ಸ್ವಲ್ಪ ಹೊತ್ತು ಯೋಚಿಸಿದನು. “ಹಾಗಾದರೆ ಮೊದಲು ಕಬಿನಿಯನ್ನೇ ನೋಡುತ್ತೇನೆ, ಸಾರ್. ಈ ವರ್ಷ ಅಲ್ಲಿ ನೀರು ಎಷ್ಟಿದೆಯೋ ವಿಚಾರಿಸಬೇಕು” ಎಂದನು. ತಿಂಗಳನ್ನು ಕೇಳಲು ಬಂದವನು ನೀರನ್ನು ವಿಚಾರಿಸಲು ಹೊರಟನೆಂದು ನನಗೆ ಸಂತೋಷವಾಯಿತು.